ತುದಿಗೆ ಕಟ್ಟಿದ ದೀಪ

"ಈ ಸಲವೂ ಇಲ್ಲ" ಎಂದಳು ಸಿರಿನ್, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ.

ಜೀವಕೋಶದ ಒಳಪೊರೆಯಲ್ಲಿ ನಾಟಿಕೊಳ್ಳಬೇಕಿದ್ದ ಪ್ರೋಟೀನು ಹಸಿರಾಗಿ ಹೊಳೆಯುತ್ತ ಕೋಶದ ತುಂಬ ಅಲೆಯುತ್ತಿತ್ತು. ಚಿಯಾಂಗ್ ಮಾಯ್‌ನ ಆ ಲ್ಯಾಬಿನಲ್ಲಿ ಮಳೆಗಾಲವೆಲ್ಲ ಇದೇ ಪಾಡು.

ಪಕ್ಕದ ಮೇಜಿನ ತಾನತ್ ಬಂದು ಇಣುಕಿದ. ಭುಜಕ್ಕೆ ಭುಜ ತಗುಲಿತು. ಇಬ್ಬರೂ ಸರಿಯಲಿಲ್ಲ.

"ಓಸಾಕಾದವರಿಗೆ ಇವತ್ತು ಉತ್ತರ ಕೊಡ್ಬೇಕು, ಪೀ." ತನಗಿಂತ ಹಿರಿಯನೆಂದು ಅವಳು ಅವನನ್ನು ಕರೆಯುತ್ತಿದ್ದುದು ಹಾಗೆಯೇ. "ಆ ಕೆಲ್ಸಕ್ಕೆ ಹೋಗ್ಲಾ?"

"ನೀನು ಹೋದ್ರೆ ನಂಗೆ..."

ಸೂಕ್ಷ್ಮದರ್ಶಕದ ತಿರುಪಿನ ಮೇಲಿದ್ದ ಅವಳ ಬೆರಳು ನಿಂತಿತು.

"...ತುಂಬ ಕಷ್ಟ ಆಗುತ್ತೆ. ಫ್ರಿಜ್ ಯಾರು ಕ್ಲೀನ್ ಮಾಡ್ತಾರೆ?"

ಅವಳಿಗೆ ನಗು ಬರಲಿಲ್ಲ. ಕಳೆದ ವರ್ಷ ಪಿಂಗ್ ನದಿಯಲ್ಲಿ ಹಬ್ಬದ ದೀಪ ತೇಲಿಬಿಟ್ಟಾಗಲೂ "ನಿನಗೋಸ್ಕರ ಬೇಡ್ಕೊಂಡೆ" ಎಂದವನು, ಅವಳು ತಿರುಗಿ ನೋಡುವಷ್ಟರಲ್ಲಿ "ನಿನ್ನ ಪ್ರಯೋಗ ಮುಗಿದು ನನಗೆ ಮೈಕ್ರೋಸ್ಕೋಪ್ ಸಿಗ್ಲಿ ಅಂತ" ಎಂದಿದ್ದ.

ಸಿಟ್ಟಿನಲ್ಲೇ ಅವಳು, ಅವನು ತನಗಾಗಿ ತಯಾರಿಸಿಕೊಟ್ಟಿದ್ದ ಆ ಪ್ರೋಟೀನಿನ ನಕ್ಷೆ ತೆರೆದಳು.

"ಹೊಳೆಯೋ ಗುರುತನ್ನ ಎಲ್ಲಿ ಜೋಡಿಸಿದ್ರಿ?"

"ಬಾಲಕ್ಕೆ. ಯಾವಾಗ್ಲೂ ಅಲ್ಲೇ ತಾನೆ ಹಾಕೋದು?"

"ಅಯ್ಯೋ ಪೀ. ಎಷ್ಟೋ ಪ್ರೋಟೀನು ತಯಾರಾಗ್ತಾ ಆಗ್ತಾನೇ ಪೊರೆಯೊಳಗೆ ಹೋಗ್ತವೆ. ಇದು ಹಾಗಲ್ಲ. ನಾಟಿಕೊಳ್ಳೋ ತುಂಡು ಇರೋದೇ ಕೊನೇಲಿ. ಪೂರ್ತಿ ಮುಗಿದ ಮೇಲೆ ಆ ಬಾಲವೇ ಒಳಗೆ ತೂರ್ಬೇಕು. ನೀವು ಅದರ ತುದಿಗೇ ಇಷ್ಟು ದಪ್ಪ ದೀಪ ಕಟ್ಟಿದೀರ. ಹೇಗೆ ತೂರುತ್ತೆ?"

ತಾನತ್ ಹಣೆ ಹಿಡಿದುಕೊಂಡ. "ನಿನ್ನ ಮಳೆಗಾಲ ಪೂರ್ತಿ ಹಾಳು ಮಾಡ್ದೆ."

"ಮಾತಿಗೂ ಹಾಗೇ ಮಾಡ್ತೀರ. ಹೇಳಬೇಕಾದ್ದು ಕೊನೇಗೆ ಬರುತ್ತೆ ಅನ್ನೋವಾಗ ತುದಿಗೊಂದು ಜೋಕು ಕಟ್ತೀರ. ನನ್ನೊಳಗೆ ಒಂದೂ ನಿಲ್ಲಲ್ಲ."

ಮೂಲೆಯಲ್ಲಿ ಮಾದರಿಗಳನ್ನು ಗರಗರ ಸುತ್ತಿಸುವ ಯಂತ್ರ ಗುಂಯ್‌ಗುಡುತ್ತಿತ್ತು. ಅವನು ಕೈಗವಸು ಎಳೆದು ಬಿಚ್ಚಿದ. ಬೆವರಿಗೆ ಬೆರಳ ತುದಿಗಳು ಸುಕ್ಕಾಗಿದ್ದವು.

"ಓಸಾಕಾಗೆ ಹೋಗು ಸಿರಿನ್. ಆ ಕೆಲ್ಸ ಬಿಡಬೇಡ." ಅವನ ದನಿ ತಗ್ಗಿತು. "ನಾನು ನಿನ್ನ ಪ್ರೀತಿಸ್ತೀನಿ."

ಅವಳು ಕಾದಳು. ಅವನ ತುಟಿಯ ಅಂಚು ಅಭ್ಯಾಸಬಲದಿಂದ ಅಲುಗಿತು. ಅವನು ಅದನ್ನು ಕಚ್ಚಿ ಹಿಡಿದ. ಯಂತ್ರ ನಿಧಾನವಾಗಿ ಸುತ್ತು ಇಳಿಸಿ ನಿಂತಿತು. ಮಾತಿಗೆ ಏನೂ ಸೇರಲಿಲ್ಲ.

ಸಿರಿನ್ ತನ್ನ ಕೈಗವಸನ್ನೂ ಕಳಚಿ, ಆ ಸುಕ್ಕುಬೆರಳುಗಳನ್ನು ಹಿಡಿದುಕೊಂಡಳು.

"ದೀಪ ಬಾಲಕ್ಕಲ್ಲ, ತಲೆಗೆ ಕಟ್ಟಿ, ಪೀ. ಹೋಗೋಕೆ ಮುಂಚೆ ಅದು ನಾಟಿದ್ದನ್ನ ನೋಡ್ಬೇಕು." ಆಮೇಲೆ, ಕಣ್ಣೊರೆಸಿಕೊಳ್ಳುತ್ತ, "ಮತ್ತೆ ಫ್ರಿಜ್ಜು?"

"ನಾನೇ ಕ್ಲೀನ್ ಮಾಡ್ತೀನಿ," ಎಂದ ಅವನು, ನಗದೆ. "ನೀನು ವಾಪಸ್ ಬರೋವರೆಗೂ."