ತಿರುಗಿ ಹೇಳಿ

ಸೈನಿಕರ ಮನೆಯವರ ತುರ್ತು ಸುದ್ದಿಯನ್ನು ಅವರ ತುಕಡಿಗೆ ಮುಟ್ಟಿಸುವ ಆಫೀಸು ಅದು. ಎರಡನೇ ಕಿಟಕಿಯ ಗುಮಾಸ್ತೆ ಕಾಯಿಲೆಯ ಯಾವ ಸುದ್ದಿ ಬಂದರೂ ಆಸ್ಪತ್ರೆಗೆ ಫೋನ್ ಮಾಡಿ ನಿಜವೇ ಎಂದು ವಿಚಾರಿಸಬೇಕು. ಕೇಳಿಸಿಕೊಂಡವರು ಅದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು. ನಿಯಮ ಅಂದರೆ ನಿಯಮ.

ಆ ಕಡೆ ಫೋನ್ ಎತ್ತುವವನು ಆಸ್ಪತ್ರೆಯ ರೆಕಾರ್ಡ್ ರೂಮಿನವನು. "ಎರಡನೇ ಕಿಟಕಿಯಿಂದ ಮಾತಾಡ್ತಿರೋದು, ತಿರುಗಿ ಹೇಳಿ" ಅಂದರೆ, "ಬೆಳಿಗ್ಗೆಯಿಂದ ನಿಮ್ಮ ಮಾತನ್ನೇ ಹೇಳ್ಕೋತಾ ಇದೀನಿ ಮೇಡಂ" ಅನ್ನುವ ತರಲೆ. ಅವಳು ಗದರಿ ಫೋನಿಟ್ಟು, ಆಮೇಲೆ ಒಬ್ಬಳೇ ನಗುತ್ತಿದ್ದಳು.

ಇವತ್ತು ಆ ತರಲೆಯೇ ಕಿಟಕಿಯ ಮುಂದೆ ನಿಂತಿದ್ದ. ಬಾಯಿ ತೆರೆದ ಕೂಡಲೇ ಧ್ವನಿ ಗುರುತು ಸಿಕ್ಕಿತು.

"ಮಾವನಿಗೆ ಸ್ಟ್ರೋಕ್ ಆಗಿದೆ. ಮಗಳು ಸೈನ್ಯದಲ್ಲಿದಾಳೆ, ಫೋನ್ ಸಿಗದ ಕಡೆ. ಇವತ್ತೇ ತಿಳಿಸ್ಬೇಕು."

ಫಾರಂ ನೋಡಿದಳು. ಸಂಬಂಧ: ಸೋದರಮಾವನ ಮಗಳು. ಸಾಲದ್ದಕ್ಕೆ ಕೊನೆಯಲ್ಲಿ, 'ಹೆದರಬೇಡ, ನಾನಿದ್ದೀನಿ.'

ಮಾವನ ಮಗಳಂತೆ! ಹುಟ್ಟಿದಾಗಲೇ ಇವನಿಗೆ ಅಂತ ಎತ್ತಿಟ್ಟಿರುತ್ತಾರೆ. ಸೈನಿಕಳು ಬೇರೆ, ಎತ್ತರ ಇರುತ್ತಾಳೆ, ನೆಟ್ಟಗೆ ನಡೆಯುತ್ತಾಳೆ. ತಾನೋ, ಕುರ್ಚಿಯಲ್ಲಿ ಕೂತು ಕೂತು ಬೆನ್ನು ಗೂನಾದವಳು. ಗುಮಾಸ್ತೆಯ ಹೊಟ್ಟೆ ಧಗಧಗ ಉರಿಯಿತು.

"ಖಾಸಗಿ ಮಾತು ಹೋಗಲ್ಲ" ಎಂದು ಕೊನೆಯ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದಳು.

"ಅದೊಂದು ಇರ್ಲಿ ಮೇಡಂ. ಅವಳಿಗೆ ಅಮ್ಮ ಇಲ್ಲ, ಒಡಹುಟ್ಟಿದವರಿಲ್ಲ. ಅಪ್ಪ ಒಬ್ಬರೇ ಬಿದ್ದಿದಾರೆ ಅಂದ್ಕೊಂಡು ದಾರಿಯುದ್ದಕ್ಕೂ ಅಳ್ತಾಳೆ."

ಅವನಲ್ಲಿ ತರಲೆ ಮಾಡುವ ತ್ರಾಣವೇ ಉಳಿದಿರಲಿಲ್ಲ. ತನ್ನ ಹೊಟ್ಟೆಕಿಚ್ಚಿಗೆ ಅವಳಿಗೇ ನಾಚಿಕೆಯಾಯಿತು. ಹಾಗಂತ ಆ ಕಿಚ್ಚು ಹೋಗಲೂ ಇಲ್ಲ, ಹಾಳಾದ್ದು! ಡಾಕ್ಟರಿಗೆ ಫೋನ್ ಮಾಡಿ ವಿಚಾರಿಸಿದಳು. ಹೊಸ ಫಾರಂ ತೆಗೆದು ಆ ಸಾಲನ್ನೂ ಬರೆದಳು. ತುಕಡಿಗೆ ಓದಿ ಹೇಳುವಾಗ 'ನಾನಿದ್ದೀನಿ' ಅನ್ನುವುದನ್ನು ಮಾತ್ರ ಗಡಿಬಿಡಿಯಲ್ಲಿ ಓದಿ ಮುಗಿಸಿದಳು.

ಸಂಜೆ ನಾಲ್ಕಕ್ಕೆ ಉತ್ತರ ಬಂತು. ಮೂರು ಸಲ ಓದಿಕೊಂಡಳು, ಒಂದು ಲೋಟ ನೀರು ಕುಡಿದಳು, ಆಮೇಲೆ ಅವನಿಗೆ ಫೋನ್ ಮಾಡಿದಳು.

"ಬರ್ಕೊಳ್ಳಿ. 'ರಜೆ ಸಿಕ್ತು, ಹೊರಟಿದ್ದೀನಿ. ಅಪ್ಪನ ಕೈ ಬಿಡಬೇಡ.'"

"ಹೊರಟಳಾ? ಸದ್ಯ!"

"ಇನ್ನೂ ಇದೆ. 'ಎರಡನೇ ಕಿಟಕಿಯವಳ ಬಗ್ಗೆ ಕಾಗದ ಬರೆದು ಬರೆದು ನನ್ನ ತಲೆ ತಿಂದಿದ್ದು ಸಾಕು. ಅವಳಿಗೇ ಹೇಳು, ಪುಕ್ಕಲ.'"

ಆ ಕಡೆ ಪೆನ್ನು ಕೆಳಗೆ ಬಿದ್ದ ಸದ್ದಾಯಿತು.

"ಖಾಸಗಿ ಮಾತು ಹೋಗಲ್ಲ ಅಂದ್ರಿ?"

"ಹೋಗಲ್ಲ. ಬರತ್ತೆ. ತಿರುಗಿ ಹೇಳಿ."

ಹೇಳಿದ. ರಜೆಯಿಂದ ಹಿಡಿದು ಪುಕ್ಕಲನವರೆಗೂ ಒಂದಕ್ಷರ ಬಿಡಲಿಲ್ಲ. ಆಮೇಲೆ ಉತ್ತರದಲ್ಲಿ ಇಲ್ಲದ್ದೊಂದನ್ನು ಸೇರಿಸಿದ.

"ನಂಗೆ ನೀವಂದ್ರೆ ತುಂಬಾ ಇಷ್ಟ. ಈಗ ನೀವು ತಿರುಗಿ ಹೇಳಿ."

ಪಕ್ಕದ ಕಿಟಕಿಯವರು ಕತ್ತೆತ್ತಿ ನೋಡುತ್ತಿದ್ದರು. ನೋಡಲಿ. ನಿಯಮ ಅಂದರೆ ನಿಯಮ. ಗುಮಾಸ್ತೆ ಅಕ್ಷರ ಬಿಡದೆ ತಿರುಗಿ ಹೇಳಿದಳು.