ಬಿಚ್ಚಪ್ಪನ ಗೇರ್ ಬಾಕ್ಸ್

ಊಟಕ್ಕೆ ಕರೆಯಲು ಶೆಡ್ಡಿಗೆ ಹೋದ ಹೆಂಡತಿಗೆ ಮೊದಲು ಕಂಡದ್ದು ಗಂಡನ ಪಾದಗಳು.

ಲಾರಿಯ ಅಡಿಯಿಂದ ಹೊರಗೆ ಚಾಚಿದ್ದವು. ಅದೇನು ಹೊಸದಲ್ಲ. ಇತ್ತೀಚೆಗೆ ಆಕೆ ಗಂಡನ ಮುಖಕ್ಕಿಂತ ಆ ಪಾದಗಳನ್ನೇ ಹೆಚ್ಚು ನೋಡಿದ್ದಳು.

"ಊಟ ಆರ್ತಾ ಇದೆ, ಏಳ್ರೀ."

ಪಾದಗಳು ಕದಲಲಿಲ್ಲ. ಬಗ್ಗಿ ನೋಡಿದಳು. ಮುಂದಿನ ಚಕ್ರ ಗಂಡನ ಎದೆಯ ಮೇಲೆ ನಿಂತಿತ್ತು.

ಬೀದಿಯವರು ಅವನನ್ನು ಬಿಚ್ಚಪ್ಪ ಎನ್ನುತ್ತಿದ್ದರು. ಫ್ಯಾನಿರಲಿ, ಗಡಿಯಾರವಿರಲಿ, ಕೈಗೆ ಸಿಕ್ಕಿದ್ದನ್ನು ಬಿಚ್ಚದೆ ಬಿಡುವ ಆಸಾಮಿಯಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸುತ್ತಲೂ ಇದ್ದ, ಪಾಪ. ಆದರೆ ಅದಕ್ಕೆ ಯಾರೂ ಹೆಸರಿಡಲಿಲ್ಲ. ಮನೆ ಸಾಮಾನು ಸಾಗಿಸುವ ಸಣ್ಣ ಲಾರಿಯೊಂದು ಅವನದಿತ್ತು. ಕ್ಲಚ್ ತುಳಿಯುವ ಗೋಜಿಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಭಾರ ಹೇರಿ ಏರು ಹತ್ತಿಸಿದರೆ ಮಾತ್ರ ಎಂಜಿನ್ ಅರಚುತ್ತಿತ್ತು, ಲಾರಿ ಮುಂದೆ ಹೋಗುತ್ತಿರಲಿಲ್ಲ. ಬೀದಿ ಕೊನೆಯ ಗ್ಯಾರೇಜಿಗೆ ಕೊಟ್ಟು ತಂದ ಮೇಲೂ ಅದೇ ಹಾಡು. ಕೊನೆಗೆ ಬಿಚ್ಚಪ್ಪ ಮನೆಯ ಹಿಂದಿನ ಶೆಡ್ಡಿನಲ್ಲಿ ತಾನೇ ಗೇರ್ ಬಾಕ್ಸ್ ಇಳಿಸಿದ. ವೀಡಿಯೊ ನೋಡಿ ನೋಡಿ ಗೇರು ಹಿಡಿಯುವ ಒಳಗಿನ ಕ್ಲಚ್ ಬಿಲ್ಲೆಗಳನ್ನು ತೆಗೆದು ಹೆಚ್ಚು ಭಾರ ತಡೆಯುವ ಬಿಲ್ಲೆ ಹಾಕಿದ. ಆಯಿಲ್ ತಣ್ಣಗಿರಲೆಂದು ದೊಡ್ಡ ಕೂಲರ್ ಕೂರಿಸಿದ. ಅವತ್ತು ಕೆಲಸ ಮುಗಿಯುವುದರಲ್ಲಿತ್ತು. ಮುಗಿದದ್ದು ಅವನೇ.

ಇನ್‌ಸ್ಪೆಕ್ಟರ್ ಮೇಡಂ ಬಂದಳು. ಜೊತೆಗೆ ಅವಳ ಕಾನ್‌ಸ್ಟೇಬಲ್, ಠಾಣೆಯಲ್ಲೆಲ್ಲ ಮೀಸೆ ಎಂದೇ ಹೆಸರಾದವನು. ನೆಲ ತೊಳೆದ ನೀರು ಹೊರಗೆ ಹೋಗಲೆಂದು ಶೆಡ್ಡಿನ ನೆಲ ಬಾಗಿಲ ಕಡೆಗೆ ಇಳಿಜಾರಾಗಿತ್ತು. ಲಾರಿ ಹಿಂದಕ್ಕೆ ಉರುಳಿ ಬಾಗಿಲ ಕಂಬಕ್ಕೆ ಗುದ್ದಿ ನಿಂತಿತ್ತು. ಗೇರ್ ಲಿವರ್ ಮಾತ್ರ 'ಪಾರ್ಕ್' ಮೇಲೇ ಇತ್ತು. ಪಾರ್ಕ್ ಎಂದರೆ ಗೇರ್ ಬಾಕ್ಸಿನ ಒಳಗೆ ಒಂದು ಕೊಂಡಿ ಬಿದ್ದು ಚಕ್ರ ತಿರುಗದಂತೆ ಹಿಡಿಯಬೇಕು. ಹ್ಯಾಂಡ್ ಬ್ರೇಕ್ ಎಳೆದಿರಲಿಲ್ಲ. ಚಕ್ರದ ಹಿಂದೆ ಅಡ್ಡ ಕೊಡುವ ಕಲ್ಲಾಗಲಿ ಮರವಾಗಲಿ ಇರಲಿಲ್ಲ.

"ಕೊಂಡಿ ಹಿಡಿದಿಲ್ಲ ಮೇಡಂ," ಎಂದ ಒಬ್ಬ ದಪ್ಪ ಮನುಷ್ಯ, ಗುಂಪು ಸರಿಸಿಕೊಂಡು ಬಂದು. ಬೀದಿ ಕೊನೆಯ ಗ್ಯಾರೇಜಿನ ಯಜಮಾನ. "ಸ್ಪ್ಯಾನರ್ ಹಿಡಿಯೋದು ಕಲಿಸಿದ್ದೇ ನಾನು ಇವನಿಗೆ. ಆಟೋಮ್ಯಾಟಿಕ್ ನಿನ್ನ ಕೈಲಾಗೋ ಕೆಲಸ ಅಲ್ಲ ಕಣೋ ಅಂತ ಎಷ್ಟು ಬಡ್ಕೊಂಡೆ. ಕೇಳಿದ್ನಾ?"

"ಇವತ್ತು ಇಲ್ಲಿಗೆ ಬಂದಿದ್ರಾ?"

"ಬೆಳಿಗ್ಗೆ ಹಾಗೇ ಇಣುಕಿದ್ದೆ. ಎಂಜಿನ್ ಆಫ್ ಮಾಡ್ಕೊಂಡು ಗೇರ್ ಆಯಿಲ್ ಅಳತೆ ನೋಡ್ತಿದ್ದ. ಸರಿಯಾಗಿದೆ, ಇನ್ನು ಕೆಳಗಡೆ ಬೋಲ್ಟ್ ಬಿಗಿ ಮಾಡೋದಷ್ಟೇ ಅಂದ. ನಾನು ಹೊರಟೆ. ಅವನ ತಪ್ಪು ಅವನನ್ನೇ ತಿಂತು."

ಮೇಡಂ ತಲೆಯಾಡಿಸಿದಳು. ಬೆಳಿಗ್ಗೆಯಿಂದ ಇದು ಅವಳ ಎರಡನೆಯ ಹೆಣ. ಹೊಟ್ಟೆ ಹಸಿದಿತ್ತು, ತಲೆ ಸಿಡಿಯುತ್ತಿತ್ತು. ಮೀಸೆಯ ಕಡೆ ತಿರುಗಿ ಅಂದಳು: "ಚಕ್ರಕ್ಕೆ ಒಂದು ತುಂಡು ಮರ ಕೊಟ್ಟಿದ್ದಿದ್ರೆ ಈ ಮನುಷ್ಯ ಇಷ್ಟೊತ್ತಿಗೆ ಊಟಕ್ಕೆ ಕೂತಿರ್ತಿದ್ದ."

ಹೇಳಿದ್ದು ಮೀಸೆಗೆ. ಬಿದ್ದದ್ದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಿವಿಗೆ.

* * *

ಮರುದಿನ ಹೆಂಡತಿ ತಾನಾಗಿಯೇ ಠಾಣೆಗೆ ಬಂದಳು. ಕಣ್ಣು ಒಣಗಿತ್ತು. ತುಟಿಯೂ ಒಣಗಿತ್ತು.

"ನನ್ನನ್ನ ಒಳಗೆ ಹಾಕಿ ಮೇಡಂ. ಅವರನ್ನ ಕೊಂದಿದ್ದು ನಾನೇ."

ಮೀಸೆ ಪೆನ್ನು ಎತ್ತಿಕೊಂಡ. ಮೇಡಂ ಅವನನ್ನು ಕಣ್ಣಲ್ಲೇ ಗದರಿಸಿ ಕುರ್ಚಿ ತೋರಿಸಿದಳು. "ಕೂತ್ಕೊಳ್ಳಮ್ಮ. ಏನಾಯ್ತು ಹೇಳಿ."

"ಮೊನ್ನೆ ಬಟ್ಟೆ ಒಗೆಯೋ ಮೆಷಿನ್ ಕುಣೀತಿತ್ತು. ಕಾಲ ಕೆಳಗೆ ಕೊಡೋಕೆ ಏನಾದ್ರೂ ಬೇಕಿತ್ತು. ಶೆಡ್ಡಲ್ಲಿ ಚಕ್ರದ ಹಿಂದೆ ಮರದ ತುಂಡಿತ್ತು. ಲಾರಿ ಎಲ್ಲಿಗೆ ಹೋಗುತ್ತೆ ಅಂತ ತಗೊಂಡುಬಿಟ್ಟೆ. ಹೇಳಿದ್ರೆ ಬೈತಾರೆ ಅಂತ ಹೇಳಲೂ ಇಲ್ಲ." ಅವಳು ಮೇಡಂ ಮುಖವನ್ನೇ ನೋಡಿದಳು. "ನೀವೇ ಅಂದ್ರಲ್ಲ ಮೇಡಂ. ಒಂದು ತುಂಡು ಮರ ಇದ್ದಿದ್ರೆ ಅಂತ."

ಇನ್‌ಸ್ಪೆಕ್ಟರಿಗೆ ನಾಲಿಗೆ ಕಚ್ಚಿಕೊಳ್ಳಬೇಕು ಎನಿಸಿತು. ಹಾಳು ನಾಲಿಗೆ! ಹಸಿದ ಹೊಟ್ಟೆಯಲ್ಲಿ ಆಡಿದ ಒಂದು ಮಾತು. ಅದನ್ನು ಈ ಹೆಂಗಸು ಸಾಯುವ ತನಕ ಹೊತ್ತುಕೊಂಡು ತಿರುಗುತ್ತಾಳೆ.

ಏನೋ ಸಮಾಧಾನ ಹೇಳಬೇಕು ಎನ್ನುವಷ್ಟರಲ್ಲಿ ಬಿಚ್ಚಪ್ಪನ ತಮ್ಮ ಏದುಸಿರು ಬಿಡುತ್ತಾ ಒಳಗೆ ಬಂದ.

"ಅತ್ತಿಗೆ ಮಾತು ಕೇಳ್ಬೇಡಿ ಮೇಡಂ! ತಪ್ಪು ನಂದು. ಲಿವರಿನಿಂದ ಗೇರ್ ಬಾಕ್ಸಿಗೆ ಹೋಗೋ ಕೇಬಲ್ ಕಟ್ಟಿದ್ದು ನಾನು. ಅಣ್ಣ ಎರಡೆರಡು ಸಲ ಕೇಳಿದ, ಸರಿ ಕಟ್ಟಿದೀಯೇನೋ ಅಂತ. ಹೂಂ ಅಂದೆ. ಮೇಲೆ ಪಾರ್ಕ್ ತೋರಿಸ್ತಿದೆ, ಒಳಗೆ ಬಿದ್ದಿಲ್ಲ ಅಂದ್ರೆ ಕಟ್ಟಿದವನದೇ ತಪ್ಪಲ್ವಾ?"

"ನೀನು ಸುಮ್ನಿರು," ಎಂದಳು ಅತ್ತಿಗೆ.

"ನೀವು ಸುಮ್ನಿರಿ ಅತ್ತಿಗೆ."

ಅಪರಾಧ ನನ್ನದು ನನ್ನದು ಎಂದು ಇಬ್ಬರು ಕಿತ್ತಾಡುವುದನ್ನು ಆ ಠಾಣೆಯ ಗೋಡೆಗಳು ಎಂದೂ ಕಂಡಿರಲಿಲ್ಲ. ಮೀಸೆ ಮಿಕಿಮಿಕಿ ನೋಡಿದ. ಮೇಡಂಗೆ ಆಗ ಏನೋ ಚುಚ್ಚಿತು. ಸತ್ತವನ ಹತ್ತಿರದವರೆಲ್ಲ ತಪ್ಪು ತಮ್ಮ ಮೇಲೆ ಎಳೆದುಕೊಳ್ಳುತ್ತಿದ್ದಾರೆ. ಒಬ್ಬ ಮಾತ್ರ, ಹೆಣ ಇನ್ನೂ ಅಲ್ಲೇ ಇರುವಾಗ, ತಪ್ಪು ಹೆಣದ್ದೇ ಅಂದ. ಕೈಹಿಡಿದು ಕೆಲಸ ಕಲಿಸಿದವನು ಹಾಗೆ ಮಾತಾಡುತ್ತಾನೆಯೇ?

"ಜಗಳ ಆಮೇಲೆ," ಎಂದಳು ಎದ್ದು. "ನಡೀರಿ ಶೆಡ್ಡಿಗೆ."

* * *

ಲಾರಿಯನ್ನು ಇಳಿಜಾರಿನ ಮೇಲಕ್ಕೆ, ಮೊದಲಿದ್ದ ಜಾಗಕ್ಕೆ ತಂದು ನಿಲ್ಲಿಸಿದರು. ತಮ್ಮ ಡ್ರೈವರ್ ಸೀಟಿನಲ್ಲಿ ಕೂತು ಲಿವರನ್ನು ಪಾರ್ಕಿಗೆ ತಳ್ಳಿದ. ಬ್ರೇಕಿನಿಂದ ಕಾಲು ತೆಗೆಯಲು ಅವನಿಗೆ ಧೈರ್ಯವೇ ಬರಲಿಲ್ಲ.

"ತೆಗಿ," ಎಂದಳು ಮೇಡಂ.

ತೆಗೆದ. ಟಕ್ ಎಂದು ಸದ್ದಾಯಿತು. ಲಾರಿ ಒಂದು ಬೆರಳಷ್ಟು ಸರಿದು ನಿಂತುಬಿಟ್ಟಿತು. ಮೀಸೆ ಮುಂದೆ ಹೋಗಿ ಭುಜ ಕೊಟ್ಟು ಹಿಂದಕ್ಕೆ ನೂಕಿದ. ಪಕ್ಕದ ಮನೆಯವರನ್ನೂ ಕರೆದು ನೂಕಿಸಿದ. ಮುಖ ಕೆಂಪಾಯಿತೇ ಹೊರತು ಲಾರಿ ಕದಲಲಿಲ್ಲ.

"ಹಿಡೀತು," ಎಂದ ತಮ್ಮ. "ಹಿಡೀತಲ್ಲ ಮೇಡಂ!" ಸ್ಟೀರಿಂಗಿಗೆ ಹಣೆ ಆನಿಸಿ ಗೊಳೋ ಎಂದು ಅತ್ತುಬಿಟ್ಟ.

ಅವನ ಅಳು ತಹಬಂದಿಗೆ ಬಂದ ಮೇಲೆ ಮೇಡಂ ಕಿಟಕಿಯಿಂದ ಕೈ ತೂರಿಸಿ ಲಿವರ್ ಎಳೆದಳು. ಜಪ್ಪಯ್ಯ ಅಂದರೂ ಬರಲಿಲ್ಲ.

"ಬ್ರೇಕ್ ತುಳೀಬೇಕು ಮೇಡಂ. ತುಳಿಯದೆ ಪಾರ್ಕ್ ಬಿಡಲ್ಲ."

"ಹಾಗಾದ್ರೆ ಅಡಿಯಲ್ಲಿ ಮಲಗಿದ್ದೋನು ಬ್ರೇಕ್ ತುಳಿಯೋಕಾಗಲ್ಲ."

ತಮ್ಮನ ಬಾಯಿ ತೆರೆದೇ ಇತ್ತು. ಯಾರೋ ಈ ಸೀಟಿನಲ್ಲಿ ಕೂತಿದ್ದರು. ಬ್ರೇಕ್ ತುಳಿದು ಲಿವರ್ ಎಳೆದಿದ್ದರು. ಕೆಲಸ ಮುಗಿದ ಮೇಲೆ ಮತ್ತೆ ಪಾರ್ಕಿಗೆ ತಳ್ಳಿ ಇಳಿದು ಹೋಗಿದ್ದರು.

"ಆಯಿಲ್ ಸರಿ ಇದೆಯಾ ನೋಡು," ಎಂದಳು ಮೇಡಂ, ಏನೂ ಆಗಿಲ್ಲವೆಂಬಂತೆ.

ತಮ್ಮ ಕೀಲಿ ತಿರುಗಿಸಿದ. ಎಂಜಿನ್ ಗುಡುಗಿತು.

"ಆಯಿಲ್ ನೋಡು ಅಂದ್ರೆ ಎಂಜಿನ್ ಯಾಕಯ್ಯಾ?"

ಉತ್ತರ ಬಂದದ್ದು ಬಾಗಿಲಲ್ಲಿದ್ದ ಹೆಂಡತಿಯಿಂದ. "ಆಫ್ ಮಾಡಿ ನೋಡೋ ಹಾಗಿದ್ದಿದ್ರೆ ನಾನು ದಿನಾ ಅಡುಗೆಮನೇಲಿ ಹೊಗೆ ಕುಡೀತಿರಲಿಲ್ಲ ಮೇಡಂ. ಎಷ್ಟು ಜಗಳ ಆಡಿದೀನಿ."

"ಹೌದು ಮೇಡಂ," ಎಂದ ತಮ್ಮ. "ಎಂಜಿನ್ನಿನ ಆಯಿಲ್ಲಾದ್ರೆ ಆಫ್ ಮಾಡಿ ನೋಡೋದು. ಈ ಗೇರ್ ಬಾಕ್ಸಿನದು ಓಡ್ತಿರುವಾಗಲೇ ನೋಡ್ಬೇಕು. ನಿಲ್ಲಿಸಿದ್ರೆ ಆಯಿಲ್ ಎಲ್ಲಾ ಕೆಳಗಿಳಿದು ಸುಳ್ಳು ಅಳತೆ ತೋರಿಸುತ್ತೆ. ಅಣ್ಣ ಮೊದಲ ದಿನಾನೇ ನನ್ನ ಕಿವಿ ಹಿಂಡಿ ಹೇಳಿಕೊಟ್ಟಿದ್ದ."

ಮೇಡಂ ಮೀಸೆಯ ಮುಖ ನೋಡಿದಳು. ಮೀಸೆಗೂ ಗ್ಯಾರೇಜ್ ಯಜಮಾನನ ನಿನ್ನೆಯ ಮಾತು ನೆನಪಾಗಿತ್ತು.

"ಬಿಚ್ಚಿ ತೆಗೆದ ಹಳೇ ಬಿಲ್ಲೆ ಎಲ್ಲಿ?"

"ನನ್ನ ಊಟದ ತಟ್ಟೆಗಳಲ್ಲಿ," ಎಂದಳು ಹೆಂಡತಿ. "ಬಿಚ್ಚಿದ ಸಾಮಾನೆಲ್ಲ ಬೇರೆಬೇರೆ ತಟ್ಟೇಲಿ ಜೋಡಿಸ್ತಿದ್ರು, ಕಲಸಿಹೋಗಬಾರದು ಅಂತ. ಅಂಚು ನೆಗ್ಗಿದ ತಟ್ಟೇಲಿ ಸುಟ್ಟ ಬಿಲ್ಲೆಗಳಿದ್ವು. ಗ್ಯಾರೇಜಲ್ಲಿ ಹೊಸದು ಹಾಕಿದೀವಿ ಅಂದಿದ್ರಂತೆ. ತೆಗೆದು ನೋಡಿದ್ರೆ ಕರೀ ಇದ್ದಿಲು. 'ಯಜಮಾನರಿಗೆ ತೋರಿಸ್ತೀನಿ, ಬೀದೀಲಿ ಬೇಡ, ಮನೇಲೇ ತೋರಿಸ್ತೀನಿ, ಗುರು ಅಲ್ವಾ' ಅಂತಿದ್ರು." ಅವಳು ಬೆಂಚಿನ ಮೇಲೆ ಕಣ್ಣಾಡಿಸಿದಳು. "ಆ ತಟ್ಟೆ ಕಾಣ್ತಿಲ್ಲ."

"ಒಳಗೆಲ್ಲಾದ್ರೂ ಇದೆಯಾ ನೋಡಿ ಬನ್ನಿ."

ಅವಳು ಒಳಗೆ ಹೋದಳು. ಅಷ್ಟರಲ್ಲಿ ಮೀಸೆ ಮೂಲೆಯಲ್ಲಿದ್ದ ಹಳೇ ಆಯಿಲ್ ಡ್ರಮ್ಮಿನ ಮುಚ್ಚಳ ಎತ್ತಿದ. "ಮೇಡಂ, ಇಲ್ಲೇನೋ ತೇಲ್ತಾ ಇದೆ."

ಕೆಂಪು ಆಯಿಲ್ಲಿನಿಂದ ಎತ್ತಿದಾಗ ಅದೊಂದು ಮರದ ತುಂಡು. ಒಂದು ಬದಿ ಓರೆಯಾಗಿ ಹೊಸದಾಗಿ ಕೊಯ್ದದ್ದು. ಇನ್ನೊಂದು ಬದಿಯಲ್ಲಿ ಹಸಿರು ಬಣ್ಣದ ಬಳೆಯಂಥ ಕೆತ್ತನೆ. ಓರೆಯ ಮೇಲೆ ಟೈರಿನ ಗೀರು ಒತ್ತಿಕೊಂಡಿತ್ತು.

"ಇದು ಅಣ್ಣ ಅತ್ತಿಗೆಯ ಹಳೇ ಮಂಚದ ಕಾಲು," ಎಂದ ತಮ್ಮ. "ಯಾವಾಗ ಕೊಯ್ದನೋ ಗೊತ್ತಿಲ್ಲ."

ಮೇಡಂ ಅದನ್ನು ಕವರಿನಲ್ಲಿ ಹಾಕಿದಳು. ಅತ್ತಿಗೆಗೆ ಈಗಲೇ ಹೇಳಬೇಡ ಎಂದು ಸನ್ನೆ ಮಾಡಿದಳು.

* * *

ಗ್ಯಾರೇಜಿನ ಹೊಸ ಬೋರ್ಡಿನಲ್ಲಿ 'ಆಟೋಮ್ಯಾಟಿಕ್ ಗೇರ್ ರಿಪೇರಿ' ಎಂದು ಕೆಂಪಕ್ಷರ ಮಿಂಚುತ್ತಿತ್ತು. ಕೆಳಗೆ ಯಜಮಾನ ಹಳೇ ಪದ್ಧತಿಯ ಲಾರಿಯೊಂದರ ಗೇರ್ ಬಾಕ್ಸಿಗೆ ಕೈ ಹಾಕಿ ಕೂತಿದ್ದ. ಪಕ್ಕದಲ್ಲಿ ಸ್ಟೀಲ್ ತಟ್ಟೆಯೊಂದರಲ್ಲಿ ಬೋಲ್ಟುಗಳು ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದವು. ತಟ್ಟೆಯ ಅಂಚು ನೆಗ್ಗಿತ್ತು.

"ನಿನ್ನೆ ಬಿಚ್ಚಪ್ಪ ಆಯಿಲ್ ನೋಡ್ತಿದ್ದಾಗ ಎಂಜಿನ್ ಆಫ್ ಆಗಿತ್ತು ಅಂದ್ರಿ. ಖಂಡಿತಾನಾ?"

"ಖಂಡಿತ. ಆನ್ ಮಾಡ್ಕೊಂಡು ಯಾರಾದ್ರೂ ಆಯಿಲ್ ನೋಡ್ತಾರಾ ಮೇಡಂ?"

"ಆಟೋಮ್ಯಾಟಿಕ್‌ನಲ್ಲಿ ನೋಡ್ತಾರೆ," ಎಂದಳು ಮೇಡಂ. "ಬಿಚ್ಚಪ್ಪನಿಗೆ ಗೊತ್ತಿತ್ತು. ಅವನ ತಮ್ಮನಿಗೆ ಗೊತ್ತು. ಅಡುಗೆ ಮಾಡೋ ಅವನ ಹೆಂಡತಿಗೂ ಗೊತ್ತು. ಬೋರ್ಡ್ ಹಾಕಿರೋ ನಿಮಗೆ ಮಾತ್ರ ಗೊತ್ತಿಲ್ಲ."

ಯಜಮಾನನ ಕೈ ನಿಂತಿತು.

"ಕಾಣದ್ದನ್ನ ಕಂಡೆ ಅಂದ್ರಿ. ಅದೇ ಸುಳ್ಳು ಇನ್ನೊಂದನ್ನೂ ಹೇಳಿಬಿಡ್ತು. ನೀವು ಆ ಗೇರ್ ಬಾಕ್ಸ್ ಬಿಚ್ಚೇ ಇಲ್ಲ. ಆಯಿಲ್ ಬದಲಿಸಿ, ಹೊಸ ಬಿಲ್ಲೆ ಹಾಕಿದೆ ಅಂದ್ರಿ. ಅವನು ಬಿಚ್ಚಿದ, ನಿಮ್ಮ ಬಣ್ಣ ಬಯಲಾಯ್ತು. ಹೆಂಡತಿ ಅಂಗಡಿಗೆ, ತಮ್ಮ ಬೋಲ್ಟ್ ತರೋಕೆ ಹೋಗಿದ್ದಾಗ ನಿಮ್ಮನ್ನ ಕರೆದು ತೋರಿಸಿದ. ಅವನು ಲಾರಿ ಅಡಿಗೆ ಹೋದ ಮೇಲೆ ನೀವು ಮರ ಸರಿಸಿದ್ರಿ, ಮೇಲೆ ಹತ್ತಿದ್ರಿ. ಆಮೇಲೆ ಮರ ಡ್ರಮ್ಮಿಗೆ, ಬಿಲ್ಲೆ ಎಲ್ಲಿಗೋ. ತಟ್ಟೆ ಮಾತ್ರ ಬಿಸಾಡೋಕೆ ಮನಸ್ಸು ಬರಲಿಲ್ಲ, ಅಲ್ವಾ?"

ಯಜಮಾನ ತಟ್ಟೆ ನೋಡಿದ. ಕೈಗಂಟಿದ ಆಯಿಲ್ ನಿಧಾನಕ್ಕೆ ಒರೆಸಿಕೊಂಡ.

"ಅವನು ಬೈಲಿಲ್ಲ ಮೇಡಂ," ಎಂದ ಕೊನೆಗೆ. "ಬೈದಿದ್ರೆ ತಡ್ಕೋತಿದ್ದೆ. ಯಾರಿಗೂ ಹೇಳಲ್ಲ ಗುರುಗಳೇ, ಬೋರ್ಡಿಂದ ಆ ಆಟೋಮ್ಯಾಟಿಕ್ ಅನ್ನೋದೊಂದು ಅಳಿಸಿಬಿಡಿ, ಬೇಕಾದ್ರೆ ನಾನೇ ಕಲಿಸ್ತೀನಿ ಅಂದ. ನನಗೆ ಅವನು ಕಲಿಸ್ತಾನಂತೆ! ಹಾಗಂದು ಅಡಿಗೆ ಹೋಗಿ ಮಲಗಿದ. ಸ್ಪ್ಯಾನರ್ ಕೊಡಿ ಗುರುಗಳೇ ಅಂತ ಕೈ ಚಾಚಿದ. ಆ ಚಾಚಿದ ಕೈ ರಾತ್ರಿಯೆಲ್ಲ ಕಣ್ಣ ಮುಂದೆ ಬರ್ತಾ ಇತ್ತು."

ಅವನು ಎರಡೂ ಕೈ ಮುಂದೆ ಮಾಡಿದ. ಮೀಸೆ ಬೇಡಿ ಹಾಕಿದ.

* * *

ಬಿಚ್ಚಪ್ಪನ ಹೆಂಡತಿ ಒಗೆಯುವ ಮೆಷಿನ್ನಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಮೆಷಿನ್ನಿನ ಕಾಲ ಕೆಳಗೆ ಅವಳು ಶೆಡ್ಡಿನಿಂದ ತಂದಿದ್ದ ಮರದ ತುಂಡು. ಗ್ಯಾರೇಜ್ ಯಜಮಾನನನ್ನು ಹಿಡಿದ ಸುದ್ದಿ ಆಗಲೇ ಮುಟ್ಟಿತ್ತು. ಆದರೂ ಅವಳ ಕಣ್ಣು ಆ ತುಂಡನ್ನು ಬಿಟ್ಟಿರಲಿಲ್ಲ.

"ಇದು ಅಲ್ಲೇ ಇದ್ದಿದ್ರೆ?" ಎಂದಳು.

ಇನ್‌ಸ್ಪೆಕ್ಟರ್ ಅವಳ ಎದುರು ನೆಲದಲ್ಲೇ ಕೂತಳು. "ಅಮ್ಮಾ, ನಿನ್ನೆ ನಾನು ಆಡಬಾರದ ಮಾತಾಡಿದೆ. ಗೊತ್ತಿಲ್ಲದೆ ಆಡಿದೆ. ತಪ್ಪಾಯ್ತು. ವಾಪಸ್ ತಗೊಳ್ಳೋಕೆ ಬರಲ್ಲ, ಅದಕ್ಕೆ ಇದನ್ನ ತಂದೆ." ಕವರನ್ನು ಮುಂದೆ ಇಟ್ಟಳು. "ಕೋರ್ಟಿಗೆ ಬೇಕು, ಕೊಡೋ ಹಾಗಿಲ್ಲ. ಆದ್ರೆ ನೀವು ನೋಡಲೇಬೇಕು."

ಹೆಂಡತಿ ಬಗ್ಗಿ ನೋಡಿದಳು. ಹಸಿರು ಬಳೆಯ ಮೇಲೆ ಕವರಿನಾಚೆಯಿಂದಲೇ ಬೆರಳಾಡಿಸಿದಳು.

"ನಮ್ಮ ಮಂಚದ್ದು."

"ಚಕ್ರದ ಹಿಂದೆ ಇದಿತ್ತು. ನೀವು ಆ ತುಂಡು ತಗೊಂಡಿದ್ದನ್ನ ಅವರು ನೋಡಿದಾರೆ ಅಮ್ಮ. ವಾಪಸ್ ಕೇಳಲಿಲ್ಲ. ಇದನ್ನ ಕೊಯ್ದು ಇಟ್ಕೊಂಡ್ರು. ಚಕ್ರದ ಹಿಂದಿನಿಂದ ಇದನ್ನ ಕಿತ್ತವರು ನೀವಲ್ಲ."

"ನೋಡಿದ್ರಾ?" ಹೆಂಡತಿಯ ದನಿ ಸಣ್ಣದಾಯಿತು. "ಒಂದು ನಟ್ಟು ಮುಟ್ಟಿದ್ರೂ ಮನೆ ಹಾರಿಹೋಗೋ ಹಾಗೆ ಕೂಗಾಡ್ತಿದ್ರು. ನೋಡೂ ಸುಮ್ನಿದ್ರಾ?"

ಆಗ ಅವಳಿಗೆ ಅಳು ಬಂತು. ಎದೆ ಬಿರಿಯುವಂತೆ, ಬಾಯಿ ಮುಚ್ಚಿಕೊಳ್ಳದೆ ಅತ್ತಳು. ಮೇಡಂ ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ತನ್ನ ಮಾತಿನ ಮೇಲೆ ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಅಳು ತಗ್ಗುವ ಹೊತ್ತಿಗೆ ಮೈದುನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಅತ್ತಿಗೆ, ಊಟ ಆರ್ತಾ ಇದೆ," ಎಂದ. "ಏಳಿ."