ರೆಪ್ಪೆ ಮಿಟುಕಿಸಬ್ಯಾಡ್ರಿ!

"ರೆಪ್ಪೆ ಮಿಟುಕಿಸಬ್ಯಾಡ್ರಿ!"

ಹೇಳಿದ್ದೇ ತಡ, ಆಮ್ರಪಾಲಿ ಪಟಪಟನೆ ಮಿಟುಕಿಸಿಬಿಟ್ಟಳು.

"ನೀವು ಹಂಗ ನೆಟ್ಟ ನೋಡಿದ್ರ ಮಿಟುಕಿಸದ ಹ್ಯಾಂಗ ಇರಲ್ರಿ?"

"ನಾ ಎಲ್ಲಿ ನೋಡಾಕತ್ತೀನ್ರಿ? ಮಷಿನ್ ನೋಡಾಕತ್ತದ!"

ಸುಳ್ಳು! ಮೊಬೈಲಿಗಿಂತ ತುಸು ದಪ್ಪಗಿದ್ದ ಆ ಮಷಿನ್ನಿನ ಮೇಲಿನಿಂದ ಅವನ ಕಣ್ಣುಗಳೂ ಇಣುಕುತ್ತಿದ್ದವು...

ಹುಮನಾಬಾದಿನ ಆ ಮಾತ್ರೆ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಹಾಲಿಗೆ ಹೋಗುವವರಿಗೆ ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕೈಗೆ ಗ್ಲೌಸು. ಹಾಜರಿಗೆ ಬೆರಳು ಒತ್ತುವಂತಿಲ್ಲ, ಮುಖ ತೋರಿಸುವಂತಿಲ್ಲ. ಉಳಿದದ್ದು ಕಣ್ಣೊಂದೇ! ಮುಂದಿನ ಸೋಮವಾರದಿಂದ ಕಣ್ಣು ತೋರಿಸಿದರೆ ಮಾತ್ರ ಒಳಗೆ ಪ್ರವೇಶ. ಎಲ್ಲರ ಕಣ್ಣುಗಳನ್ನು ಮಷಿನ್ನಿಗೆ ಸೇರಿಸಲು ಬಸವಕಲ್ಯಾಣದಿಂದ ಬಂದ ಹುಡುಗನೇ ಈ ಸಂಘರತ್ನ. ಅವನಿಗೂ ಅದೇ ವೇಷ.

ಸಾಲಿನಲ್ಲಿ ಮುಂದಿದ್ದವಳು ಅವಳ ಕಾಕಾನ ಮಗಳು ಮನಿಷಾ. "ನನ್ನ ಕಾಡಿಗಿ ಭಾಳ ಆಗ್ಯಾದ, ತೊಳಕೊಂಡು ಬರ್ತೀನಿ, ನೀ ಮುಂದ ಹೋಗವಾ" ಎಂದು ಓಡಿದ್ದಳು. ಹಾಗೆ ಆಮ್ರಪಾಲಿ ಅವಳ ಜಾಗದಲ್ಲಿ ನಿಂತಿದ್ದಳು.

"ಒಬ್ಬರ ಕಣ್ಣಿನಂಗ ಇನ್ನೊಬ್ಬರದು ಇರಂಗಿಲ್ರಿ," ಎಂದ ಅವನು. "ನಿಮ್ಮ ಎಡಗಣ್ಣೇ ಬ್ಯಾರೆ, ಬಲಗಣ್ಣೇ ಬ್ಯಾರೆ."

"ಎಷ್ಟು ಪರೇಶಾನ್ ಮಾಡ್ತೀರಿ! ನೀರು ಬಂತು ನೋಡ್ರಿ."

"ಸಾವಕಾಶ ಒರಸ್ಕೋರಿ. ಅವಸರ ಇಲ್ಲ... ನಾ ನಿಂದ್ರತೀನಿ."

ಅವಸರ ಇಲ್ಲ! ಆ ಫ್ಯಾಕ್ಟರಿಯಲ್ಲಿ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಮತ್ತೆ ಮಷಿನ್ನಿನತ್ತ ನೋಡಿದಳು.

ಆ ವಾರವೆಲ್ಲ ಅವನು ವರಾಂಡದಲ್ಲಿ ವೈರು ಎಳೆಯುತ್ತ, ಪ್ಯಾಕಿಂಗ್ ಹಾಲಿನ ಗಾಜಿನ ಆಚೆ ಓಡಾಡಿದ. ಒಳಗೆ ಮಾತಾಡುವಂತಿಲ್ಲ. ಆಚೆ ಎರಡು ಕಣ್ಣು, ಈಚೆ ಎರಡು ಕಣ್ಣು, ಅಷ್ಟೇ! ಒಮ್ಮೆ ಅವನು ತನ್ನ ರೆಪ್ಪೆ ಮುಟ್ಟಿ 'ಮಿಟುಕಿಸಬ್ಯಾಡ' ಎಂದು ಸನ್ನೆ ಮಾಡಿದಾಗ ಆಮ್ರಪಾಲಿ ಮಾಸ್ಕಿನೊಳಗೇ ನಕ್ಕಳು. ಅಂದು ಅವಳ ಕೈಯಲ್ಲಿ ಮಾತ್ರೆ ಪಟ್ಟಿಗಳು ತಪ್ಪು ಡಬ್ಬಿಗೆ ಹೋಗಿ ಸೂಪರ್‌ವೈಸರ್ ಬೈದದ್ದೂ ಸಿಹಿಯೇ ಅನ್ನಿಸಿತು. ಹುಚ್ಚು ಹುಡುಗಿ!

ಭಾನುವಾರ ಅವಳ ಊರು ಮುಡಬಿಯಲ್ಲಿ ಪಕ್ಕದ ಮನೆಗೆ, ಅಂದರೆ ಮನಿಷಾಳ ಮನೆಗೆ, ನೆಂಟಸ್ತಿಕೆಯವರು ಬಂದರು. ಚಹಾ ಕೊಡಲು ಹೋದವಳು ಆಮ್ರಪಾಲಿಯೇ.

"ಹುಡುಗ ನನ್ನ ತಂಗಿ ಮಗ," ಬಂದ ಹಿರಿಯ ಅಂಬಾದಾಸ ಹೇಳುತ್ತಿದ್ದರು. "ಸಂಘರತ್ನ ಅಂತ. ಹುಮನಾಬಾದ್ ಫ್ಯಾಕ್ಟರ್‍ಯಾಗ ಕಣ್ಣಿನ ಮಷಿನ್ ಕೂಡಸಾಕತ್ಯಾನ. ನಿಮ್ಮ ಮನಿಷಾನ ಅಲ್ಲೇ ನೋಡ್ಯಾನಂತ, ಲಗ್ನ ಆದ್ರ ಅಕಿನ್ನೇ ಆಗ್ತೀನಿ ಅಂತಾನ! ಗುರುವಾರ ಕರಕೊಂಡು ಬರ್ತೀನಿ. ಸಕ್ಕರಿ ತಿಂದು ಮಾತು ಗಟ್ಟಿ ಮಾಡೂನು."

ಆಮ್ರಪಾಲಿ ಚಹಾದ ತಟ್ಟೆ ಅಲ್ಲೇ ಇಟ್ಟು ಹೊರಗೆ ಬಂದಳು. ಹಾಗಾದರೆ ಆ ಸನ್ನೆ? ಗಾಜಿನಾಚೆಯ ಆ ನೋಟ? ಎಲ್ಲ ತನ್ನ ಪಕ್ಕದಲ್ಲೇ ಕೂರುತ್ತಿದ್ದ ಮನಿಷಾಳಿಗೆ... ನಾನೆಂಥ ಪೆದ್ದಿ!

"ಗುರ್ತಿಲ್ಲ ಪರಿಚಯಿಲ್ಲ, ನಾ ಒಲ್ಲೆ ಅಂದ್ರ ಅಪ್ಪ ಕೇಳವಲ್ಲ," ಎಂದು ಮನಿಷಾ ಸಂಜೆ ಮುಖ ಊದಿಸಿದಳು. ಬರೀ ನಾಚಿಕೆ ಎಂದುಕೊಂಡ ಆಮ್ರಪಾಲಿ ರಾತ್ರಿಯೆಲ್ಲ ದಿಂಬು ಒದ್ದೆ ಮಾಡಿದಳು.

ಸೋಮವಾರ ಪ್ಯಾಕಿಂಗ್ ಹಾಲಿನ ಬಾಗಿಲಲ್ಲಿ ಅವನೇ ಮಷಿನ್ ಹಿಡಿದು ನಿಂತಿದ್ದ! ಅವಳು ತಲೆ ಎತ್ತಲಿಲ್ಲ.

"ಮ್ಯಾಲೆ ನೋಡ್ರಿ..."

"ಅತ್ತ ಕಣ್ಣು ನಿಮ್ಮ ಮಷಿನ್‌ಗೆ ನಡೀತಾವೇನು?"

"ನಡೀತಾವ್ರಿ. ಕೆಂಪಾದ್ರೂ ಒಳಗಿನ ಗುರ್ತು ಬದಲಾಗಂಗಿಲ್ಲ." ಅವನ ದನಿ ಇಳಿಯಿತು. "ಯಾಕ ಅತ್ತೀರಿ? ನಮ್ಮ ಮಾಮಾ ಬಂದದ್ದು ನಿಮಗ ಮನಸಿಲ್ಲೇನು? ಇಲ್ಲ ಅಂದ್ರ ಇಲ್ಲ ಅನ್ರಿ. ನಾ ಗುರುವಾರ ಬರಂಗಿಲ್ಲ."

"ನನ್ನ ಮನಸ್ಸು ತಗೊಂಡು ನೀವೇನು ಮಾಡ್ತೀರಿ? ಮನಿಷಾನ ಕೇಳ್ರಿ!"

"ಮತ್ತ ಯಾರನ್ನ ಕೇಳಾಕತ್ತೀನ್ರಿ?"

ಸಿಟ್ಟು ಉಕ್ಕಿ ಬಂತು. ಅವಳು ಕಣ್ಣು ಅಗಲಿಸಿ ಮಷಿನ್ನನ್ನೇ ದಿಟ್ಟಿಸಿದಳು.

ಟಿಂಗ್! ಹಸಿರು ದೀಪ. ಪರದೆಯ ಮೇಲೆ ಹೆಸರು ಮೂಡಿತು: ಮನಿಷಾ.

ಇಬ್ಬರೂ ಅಲ್ಲೇ ನಿಂತುಬಿಟ್ಟರು.

ಹಿಂದಿದ್ದ ಮನಿಷಾ ನುಗ್ಗಿ ಬಂದು ತನ್ನ ಕಣ್ಣು ತೋರಿಸಿದಳು. ಟಿಂಗ್! ಆಮ್ರಪಾಲಿ.

"ಅಯ್ಯಯ್ಯ, ನಿನ್ನ ಕಣ್ಣು ನನ್ನ ಹೆಸರಿಗೆ ಕುಂತಾವ! ಅಂದು ನಾ ಕಾಡಿಗಿ ತೊಳಿಯಾಕ ಹೋಗಿದ್ನಲ್ಲ..." ಎಂದವಳೇ ಮನಿಷಾ ಎರಡೂ ಕೈ ಜೋಡಿಸಿದಳು. "ಅಬ್ಬಾ, ನಾ ಪಾರಾದೆ!"

ಸಂಘರತ್ನನ ಹಣೆಯಲ್ಲಿ ಬೆವರು. "ಗಲತಿ ನಂದ್ರಿ. ಸಾಲಿನ ಪ್ರಕಾರ ಹೆಸರು ಮೊದಲೇ ತುಂಬಿದ್ದೆ. ಕಣ್ಣು ತಗೊಳ್ಳುವಾಗ ಮತ್ತೊಮ್ಮೆ ಕೇಳಬೇಕಿತ್ತು... ಇವರ ಕಣ್ಣು ನೋಡಿ ಕೇಳೂದೇ ಮರತೆ."

ಅವನು ಕೇಳಿದ್ದು ನನ್ನನ್ನೇ... ನನ್ನನ್ನೇ! ಕುಣಿಯುವಷ್ಟು ಖುಷಿ, ಬಯ್ಯುವಷ್ಟು ಕೋಪ, ಎರಡೂ ಒಟ್ಟಿಗೆ ಬಂದವು.

"ಮಷಿನ್‌ನಾಗಿನ ಹೆಸರು ತಗೊಂಡು ಮಾಮಾನ ಕಳಸ್ತೀರಿ? ನನ್ನನ್ನೇ ಒಂದು ಮಾತು ಕೇಳಾಕ ಬಾಯಿ ಇರಲಿಲ್ಲೇನು?"

"ದಾರ್‍ಯಾಗ ಅಡ್ಡ ನಿಂತು ಕೇಳಿದ್ರ ನೀವು ಏನು ತಿಳಕೋತೀರಿ ಅಂತ ಅಂಜಿದ್ದೆ. ಅದೂ ತಪ್ಪೇ ಆತು. ಮಾಮಾಗ ಈಗೇ ಫೋನ್ ಹಚ್ಚಿ ನಿಜ ಹೇಳ್ತೀನಿ. ಇನ್ನ ಮುಂದ... ನೀವು ಹೇಳಿದಂಗ."

ಸೈರನ್ ಕೂಗಿತು. ಅವಳು ಒಳಗೆ ಓಡಿದಳು.

ಸಂಜೆ ಗೇಟಿನಾಚೆ, ಮುಡಬಿ ಬಸ್ಸು ನಿಲ್ಲುವಲ್ಲಿ ಅವನು ಮಾಸ್ಕು, ಟೋಪಿ ಇಲ್ಲದೆ ನಿಂತಿದ್ದ. ಗುಂಗುರು ಕೂದಲು, ತುಸು ಸೊಟ್ಟಗಿನ ಹಲ್ಲು. ಅವಳಿಗೆ ಕಣ್ಣಿನಿಂದಲೇ ಗುರುತು ಸಿಕ್ಕಿತು. ಮನಿಷಾ ಬೇಕೆಂದೇ ಹತ್ತು ಮಾರು ಹಿಂದೆ ಉಳಿದಳು.

"ಮುಖ ನೋಡಿದ್ರಲ್ಲ," ತಾನೂ ಮಾಸ್ಕಿಲ್ಲದೆ ನಿಂತಿದ್ದ ಆಮ್ರಪಾಲಿ ಅಳುಕುತ್ತಲೇ ಕೇಳಿದಳು, "ಮನಸ್ಸು ಬದಲಾತೇನು?"

"ಇಲ್ರಿ. ಇಷ್ಟು ದಿನ ಬರೀ ಕಣ್ಣು ನೋಡಿದ್ದೆ. ಅವು ನಗುವಾಗ ಕೆಳಗ ಏನಿರ್ತದ ಅಂತ ಇವತ್ತು ಗೊತ್ತಾತು." ಅವನು ಮೆಲ್ಲಗೆ ಗಂಟಲು ಸರಿಮಾಡಿಕೊಂಡ. "ನಿಮ್ಮ ಹೆಸರೇನ್ರಿ?"

"ಮುಂಜಾನೆ ಮಷಿನ್ ಹೇಳಲಿಲ್ಲೇನು?"

"ಅದರ ಮಾತು ನಂಬಿ ಒಮ್ಮೆ ಕೆಟ್ಟೀನಿ. ನೀವೇ ಹೇಳ್ರಿ."

ಅವಳು ನೇರ ಅವನ ಕಣ್ಣಲ್ಲಿ ಕಣ್ಣಿಟ್ಟಳು. "ಆಮ್ರಪಾಲಿ. ಮುಡಬಿ. ಮನಿಷಾನ ಪಕ್ಕದ ಮನಿ... ಗುರುವಾರ ತಪ್ಪದ ಬರ್ರಿ."

ಅವಳ ಕಣ್ಣು ತುಂಬಿ ಬಂದಿತ್ತು, ಆದರೂ ಹಾಗೇ ನೋಡುತ್ತಿದ್ದಳು.

"ಈಗ ಮಷಿನ್ ಇಲ್ರಿ," ಎಂದ ಸಂಘರತ್ನ, "ರೆಪ್ಪೆ ಮಿಟುಕಿಸಬಹುದು."

"ಅವಸರ ಇಲ್ಲ," ಎಂದಳು ಆಮ್ರಪಾಲಿ. "ನಾ ನಿಂದ್ರತೀನಿ."